ಅಚ್ಚಿನವನಾದ ಫ್ರಾಂಕ್ಲಿನನು

ಸಿಡಿಲಿನ ವಿದ್ಯೆಯಿಂದ ಹೆಸರಾದ ಬೆಂಜಮಿನ್ ಫ್ರಾಂಕ್ಲಿನನು 1706ರಲ್ಲಿ ಅಮೇರಿಕದ ಬಾಸ್ಟನಿನಲ್ಲಿ ಮೇಣದಬತ್ತಿ ಮಾಡುವವನ ಮಗನಾಗಿ ಹುಟ್ಟಿದನು. 1728ರಲ್ಲಿ ಪಾಲುಗಾರನೊಬ್ಬನೊಡನೆ ಫಿಲಡೆಲ್ಫಿಯದಲ್ಲಿ ಅಚ್ಚುಕೂಟವನ್ನು ತೆರೆದನು. ಒಂದು ರಾತ್ರಿ ಕೆಲಸ ತೀರಿತೆನ್ನುವಾಗ ಎರಡು ಪುಟಗಳ ಅಕ್ಷರಗಳು ಚೆದರಿಹೋದವು. ಅವನ್ನು ಪುನಃ ಜೋಡಿಸಿದ ಮೇಲೆಯೇ ಮಲಗಿದನು. ಪಾಲುಗಾರನೋ ಕುಡಿತಕ್ಕೆ ಬಿದ್ದನು. ಯಂತ್ರದ ಬಾಕಿಗಾಗಿ ವರ್ತಕನು ದಾವೆ ಹೂಡಿದನು. 1730ರಲ್ಲಿ ಇಬ್ಬರು ಸ್ನೇಹಿತರು ಸಾಲ ಕೊಡಲು, ಫ್ರಾಂಕ್ಲಿನನೊಬ್ಬನೇ ಒಡೆಯನಾಗಿ ಕಾಗದ, ಚರ್ಮಪತ್ರ, ಕರಾರುಗಳ ಅಚ್ಚುನಮೂನೆ ಇವುಗಳನ್ನು ಮಾರಿದನು. ಕೊಂಡ ಕಾಗದವನ್ನು ತಾನೇ ಕೈಗಾಡಿಯಲ್ಲಿಟ್ಟು ಬೀದಿಯಲ್ಲಿ ತಳ್ಳಿ ತರುತ್ತಿದ್ದನು. ಜನರು ಕಾಣಲೆಂದೇ ಹಾಗೆ ಮಾಡಿದೆನೆಂದು ಆತನೇ ಒಪ್ಪಿದ್ದಾನೆ. ಇದು ನಮಗೆ ಅಷ್ಟಾಗಿ ರುಚಿಸದು. ಆದರೂ ಸಾಲವು ಕ್ರಮೇಣ ತೀರಿತು. ಹೆಂಡತಿಯಾದ ಡೆಬೋರಳು ಪುಸ್ತಕಗಳನ್ನು ಮಡಿಸಿ ಹೊಲಿದು ಅಂಗಡಿಯನ್ನೂ ನೋಡಿಕೊಂಡಳು. 1790ರಲ್ಲಿ ಮೃತನಾದ ಆತನು, ರಾಯಭಾರಿಯ ಪದವಿಯನ್ನು ಪಡೆದಿದ್ದರೂ, ಮರಣಶಾಸನದಲ್ಲಿ ತನ್ನನ್ನು ಮೊದಲು ಅಚ್ಚಿನವನೆಂದೇ ಬರೆಯಿಸಿದ್ದನು.