ಭದ್ರಾವತಿಯ ಕುಲುಮೆ ಕಾಯ್ದ ಸರ್ ಎಂ.ವಿ.

ಚೌಳಹಿರಿಯೂರು: ಕಡೂರು ಸೀಮೆಯ ಈ ಬಯಲು ನಾಡಿನಿಂದ ತರೀಕೆರೆಯತ್ತ ಸಾಗಿದರೆ ಬಾಬಾಬುಡನ್ ಗಿರಿಶ್ರೇಣಿ ಎದುರಾಗುತ್ತದೆ. ಆ ಶ್ರೇಣಿಯ ಕೆಮ್ಮಣ್ಣುಗುಂಡಿ ಇಂದು ಪ್ರವಾಸಿಗರ ಗಿರಿಧಾಮ. ದಶಕಗಳ ಕಾಲ ಅಲ್ಲಿನ ಅದಿರು ಬೆಟ್ಟವಿಳಿದು ಭದ್ರಾವತಿಯ ಕುಲುಮೆ ಸೇರುತ್ತಿತ್ತು. ಸಿಲಿಕಾನ್ ಚಿಪ್‌ಗಳನ್ನು ನಾವೇ ತಯಾರಿಸಬೇಕೇ, ಹೊರಗಿನಿಂದ ತರಿಸಿಕೊಂಡರೆ ಸಾಲದೇ ಎಂಬುದು ಇಂದಿನ ಚರ್ಚೆ. ಅಂಥದೇ ಪ್ರಶ್ನೆಯನ್ನು ನೂರು ವರ್ಷಗಳ ಹಿಂದೆ ಕಬ್ಬಿಣದ ವಿಷಯದಲ್ಲಿ ಎದುರಿಸಿದವರು ಸರ್ ಎಂ.ವಿಶ್ವೇಶ್ವರಯ್ಯ.

ಮುದ್ದೇನಹಳ್ಳಿಯಲ್ಲಿ ಜನಿಸಿ, ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡ ಅವರು, ಮನೆಪಾಠ ಹೇಳುತ್ತಲೇ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಪದವಿ ಪಡೆದರು. ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. 1898ರ ಜಪಾನ್ ಪ್ರವಾಸ ಅವರ ದೃಷ್ಟಿಯನ್ನೇ ಬದಲಿಸಿತು. ಸಣ್ಣ ದೇಶವೊಂದು ಶಿಕ್ಷಣ ಮತ್ತು ಕೈಗಾರಿಕೆಗಳ ಬಲದಿಂದ ಮೇಲೇಳುತ್ತಿರುವುದನ್ನು ಅವರು ಅಲ್ಲಿ ಕಂಡರು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಲ್ಲಿ ದಿವಾನ. ಮೈಸೂರು ಬ್ಯಾಂಕು, ಮೈಸೂರು ವಿಶ್ವವಿದ್ಯಾನಿಲಯ, ಗಂಧದೆಣ್ಣೆ ಕಾರ್ಖಾನೆಗಳು ಆ ಅವಧಿಯ ಫಲ.

ಮೊದಲ ಮಹಾಯುದ್ಧ ಆಮದನ್ನೇ ನಂಬಿದ ನಾಡಿನ ದೌರ್ಬಲ್ಯವನ್ನು ಬಯಲಿಗೆಳೆಯಿತು. ಬೆಂಕೀಪುರವೆಂದು ಕರೆಯಲಾಗುತ್ತಿದ್ದ ಭದ್ರಾವತಿಯಲ್ಲಿ 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕಾರ್ಯ ಆರಂಭವಾಯಿತು. ಅದಿರು ಸಮೀಪದಲ್ಲಿತ್ತು, ಕಲ್ಲಿದ್ದಲು ಇರಲಿಲ್ಲ. ಹೀಗಾಗಿ ಮಲೆನಾಡಿನ ಕಾಡಿನ ಇದ್ದಿಲನ್ನೇ ಅವಲಂಬಿಸಬೇಕಾಯಿತು. ಅದಕ್ಕೆ ಅರಣ್ಯ ತೆತ್ತ ಬೆಲೆ ಸಣ್ಣದಲ್ಲ.

ಮೀಸಲಾತಿ ಕುರಿತ ಮಿಲ್ಲರ್ ಸಮಿತಿಯ ವಿಚಾರದಲ್ಲಿ ಭಿನ್ನಾಭಿಪ್ರಾಯ ತಲೆದೋರಿ ಅದೇ ವರ್ಷಾಂತ್ಯದಲ್ಲಿ ಅವರು ದಿವಾನಗಿರಿ ತೊರೆದರು. 1923ರಲ್ಲಿ ಕುಲುಮೆ ಉತ್ಪಾದನೆ ಆರಂಭಿಸುವ ಹೊತ್ತಿಗೆ ಯುದ್ಧಕಾಲದ ಬೆಲೆಗಳು ಕುಸಿದಿದ್ದವು. ದುಬಾರಿ ವೆಚ್ಚದಲ್ಲಿ ಕಟ್ಟಿದ ಕಾರ್ಖಾನೆ ಅಗ್ಗದ ಮಾರುಕಟ್ಟೆಯಲ್ಲಿ ಸ್ಪರ್ಧಿಸಬೇಕಾಯಿತು. 1924ರಲ್ಲಿ ಬ್ರಿಟಿಷ್ ಭಾರತ ಸರ್ಕಾರ ಉಕ್ಕಿಗೆ ಸುಂಕದ ರಕ್ಷಣೆ ನೀಡಿತಾದರೂ ಭದ್ರಾವತಿ ಆಗ ತಯಾರಿಸುತ್ತಿದ್ದುದು ಬೀಡು ಕಬ್ಬಿಣವನ್ನು. ಸಂಸ್ಥಾನದ ಹಣ ವ್ಯರ್ಥವಾಯಿತೆಂಬ ಟೀಕೆಗಳು ಕೇಳಿಬಂದವು.

ಇಂಥ ಸಂಕಟದಲ್ಲಿ ವಿಶ್ವೇಶ್ವರಯ್ಯನವರು ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿ 1929ರವರೆಗೆ ದುಡಿದರು. ವೆಚ್ಚ ತಗ್ಗಿಸಿದರು. ವಿದೇಶಿ ತಜ್ಞರ ಸ್ಥಾನಕ್ಕೆ ಸ್ಥಳೀಯರನ್ನು ತರಬೇತುಗೊಳಿಸಿದರು. ತಮಗೆ ಸಂದ ಸಂಭಾವನೆಯನ್ನು ಬೆಂಗಳೂರಿನಲ್ಲಿ ವೃತ್ತಿಶಿಕ್ಷಣ ಸಂಸ್ಥೆ ಸ್ಥಾಪಿಸಲು ನೀಡಿದರು. 1930ರ ದಶಕದಲ್ಲಿ ಉಕ್ಕು, ಸಿಮೆಂಟ್ ಉತ್ಪಾದನೆಗಳು ಜೊತೆಗೂಡಿದವು. ಅವರು ವಿದೇಶಿ ವ್ಯಾಪಾರದ ವಿರೋಧಿಯಾಗಿರಲಿಲ್ಲ. ಹೊರಗಿನ ಯಂತ್ರ, ತಂತ್ರಜ್ಞಾನಗಳನ್ನು ಬಳಸಿಯೂ ಅದನ್ನು ನಡೆಸುವ ವಿದ್ಯೆ ನಾಡಿನದಾಗಬೇಕು ಎಂಬುದೇ ಅವರ ನಿಲುವಾಗಿತ್ತು.

1955ರಲ್ಲಿ ಭಾರತ ರತ್ನ ಗೌರವಕ್ಕೆ ಪಾತ್ರರಾದ ಅವರು 1962ರಲ್ಲಿ ನಿಧನರಾದರು. ಮುಂದೆ ಅವರ ಹೆಸರನ್ನೇ ಹೊತ್ತ ಕಾರ್ಖಾನೆಯನ್ನು ಮುಚ್ಚಲು 2023ರಲ್ಲಿ ಉಕ್ಕು ಪ್ರಾಧಿಕಾರ ತೀರ್ಮಾನಿಸಿದಾಗ ಭದ್ರಾವತಿಯ ಕಾರ್ಮಿಕರು ಪ್ರತಿಭಟನೆಗಿಳಿದರು.

ಮೈಸೂರಿನಲ್ಲಿ 22,900 ಕೋಟಿ ರೂಪಾಯಿಯ ಚಿಪ್ ಕಾರ್ಖಾನೆಗೆ 2022ರಲ್ಲಿ ಒಪ್ಪಂದವಾಯಿತಾದರೂ ಯೋಜನೆ ಕಾರ್ಯರೂಪಕ್ಕೆ ಬರಲಿಲ್ಲ. ಗುಜರಾತಿನ ಧೊಲೇರಾದಲ್ಲಿ 2024ರಲ್ಲಿ ಚಿಪ್ ಘಟಕಕ್ಕೆ ಶಂಕುಸ್ಥಾಪನೆ ನೆರವೇರಿತು. ಅದಿರಿಗಿಂತ ಚಿಪ್‌ನ ಲೋಕ ಜಟಿಲ. ಅದರ ಯಂತ್ರ, ರಾಸಾಯನಿಕ, ವಿನ್ಯಾಸಗಳು ಹಲವು ದೇಶಗಳಲ್ಲಿ ಹಂಚಿಹೋಗಿವೆ. ಆದರೂ ಭದ್ರಾವತಿಯ ಪಾಠ ಹಳತಾಗಿಲ್ಲ. ಶಂಕುಸ್ಥಾಪನೆಗಿಂತ ಕಠಿಣವಾದುದು ಬೆಲೆ ಕುಸಿದ ವರ್ಷಗಳಲ್ಲಿ ಕುಲುಮೆ ಆರದಂತೆ ಕಾಯುವುದು. ಆ ಕಾಯಕಕ್ಕೆ ಸರ್ ಎಂ.ವಿ. ತಮ್ಮ ಬದುಕಿನ ಆರು ವರ್ಷಗಳನ್ನು ಮುಡಿಪಾಗಿಟ್ಟರು.