ಅಳತೆಯ ಮರ್ಮವನ್ನರಿತ ವಿಜ್ಞಾನಿ ಯೆಲ್ಲಾಪ್ರಗಡ ಸುಬ್ಬರಾವ್

ಅತಿಯಾದರೆ ಅಮೃತವೂ ವಿಷ ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಔಷಧಗಳ ವಿಷಯದಲ್ಲಂತೂ ಇದು ಅಕ್ಷರಶಃ ಸತ್ಯ. ಎಷ್ಟು ಎಂಬ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ಬಾಳನ್ನು ಸವೆಸಿದ ಡಾ. ಯೆಲ್ಲಾಪ್ರಗಡ ಸುಬ್ಬರಾವ್ ಅವರ ಜೀವನವನ್ನು ನಾವೆಲ್ಲರೂ ಅರಿಯಬೇಕು.

ಸುಬ್ಬರಾವ್ ಅವರು 1895ರ ಜನವರಿ 12ರಂದು ಆಂಧ್ರದ ಭೀಮವರಂನಲ್ಲಿ ಜನಿಸಿದರು. ನಮ್ಮ ಸೇಲಂ ಜಿಲ್ಲೆಯಂತೆ ಆ ಊರೂ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಮನೆಯಲ್ಲಿ ಬಡತನವಿತ್ತು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಸಲ ಸೋತ ಈ ಬಾಲಕ ಎದೆಗುಂದದೆ ಮದರಾಸಿನ ಹಿಂದೂ ಹೈಸ್ಕೂಲಿನಲ್ಲಿ ಓದಿ ಮೂರನೆಯ ಸಲ ತೇರ್ಗಡೆಯಾದರು. ಅಣ್ಣತಮ್ಮಂದಿರಲ್ಲಿ ಇಬ್ಬರು ಕರುಳಿನ ರೋಗಕ್ಕೆ ಬಲಿಯಾದ ದುಃಖ ಅವರನ್ನು ಬಹಳವಾಗಿ ಕಾಡಿತು. ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಓದುವಾಗ ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿ ಧರಿಸಿದ್ದರಿಂದ ಆಂಗ್ಲ ಪ್ರಾಧ್ಯಾಪಕರೊಬ್ಬರ ಅಸಮಾಧಾನಕ್ಕೆ ಗುರಿಯಾದರು. ಎಂ.ಬಿ.ಬಿ.ಎಸ್. ಬದಲು ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪದವಿಯಷ್ಟೇ ಅವರಿಗೆ ದೊರೆಯಿತು.

ಕೆಲಕಾಲ ಆಯುರ್ವೇದ ಕಾಲೇಜಿನಲ್ಲಿ ಪಾಠ ಹೇಳಿ, ಬಂಧುಗಳ ಮತ್ತು ದಾನಿಗಳ ನೆರವಿನಿಂದ ಅವರು ಅಮೆರಿಕೆಯ ಬಾಸ್ಟನ್ ನಗರವನ್ನು ಸೇರಿದರು. ಹೊಟ್ಟೆಪಾಡಿಗೆ ರಾತ್ರಿ ಆಸ್ಪತ್ರೆಯಲ್ಲಿ ಆಳಿನ ಕೆಲಸ, ಹಗಲು ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಯನ. 1925ರಲ್ಲಿ ಫಿಸ್ಕ್ ಎಂಬ ವಿಜ್ಞಾನಿಯೊಡನೆ ಅವರು ರಕ್ತ ಮೂತ್ರಗಳಲ್ಲಿರುವ ರಂಜಕವನ್ನು ಅಳೆಯುವ ವಿಧಾನವನ್ನು ಪ್ರಕಟಿಸಿದರು. ರಂಜಕ ಹೆಚ್ಚಿದ್ದಷ್ಟೂ ದ್ರಾವಣದ ನೀಲಿಬಣ್ಣ ಗಾಢವಾಗುತ್ತದೆ. ಆ ಬಣ್ಣವೇ ಅಳತೆಗೋಲು.

1940ರಲ್ಲಿ ಲೆಡರ್ಲಿ ಔಷಧ ಸಂಸ್ಥೆಯನ್ನು ಸೇರಿದ ಸುಬ್ಬರಾವ್, ಅಲ್ಲಿನ ಸಂಶೋಧನೆಯ ಮುಖ್ಯಸ್ಥರಾದರು. ಅವರ ವಿಭಾಗದಲ್ಲಿದ್ದ ಡಗ್ಗರ್ ಎಂಬ ವೃದ್ಧ ಸಸ್ಯವಿಜ್ಞಾನಿ ಹೊಲದ ಮಣ್ಣಿನಲ್ಲಿದ್ದ ಹೊನ್ನಿನ ಬಣ್ಣದ ಸೂಕ್ಷ್ಮಜೀವಿಯೊಂದರಿಂದ ಆರಿಯೋಮೈಸಿನ್ ಎಂಬ ಔಷಧವನ್ನು ಪಡೆದರು. 1948ರಲ್ಲಿ ಲೋಕಕ್ಕೆ ಪ್ರಕಟವಾದ ಇದೇ ಟೆಟ್ರಾಸೈಕ್ಲಿನ್ ಮನೆತನದ ಮೊದಲ ಔಷಧ. ಅದೇ ವರ್ಷದ ಆಗಸ್ಟಿನಲ್ಲಿ, ತಮ್ಮ 53ನೆಯ ವಯಸ್ಸಿನಲ್ಲಿ, ಸುಬ್ಬರಾವ್ ಹೃದಯಾಘಾತದಿಂದ ತೀರಿಕೊಂಡರು.

ಹೊಸ ಔಷಧವನ್ನು ಮನುಷ್ಯರಿಗೆ ಕೊಡುವ ಮೊದಲು ಇಲಿಗಳೇ ಮುಂತಾದ ಪ್ರಾಣಿಗಳಲ್ಲಿ ಪರೀಕ್ಷಿಸುತ್ತಾರೆ. ಪ್ರಾಣಿಗಳನ್ನು ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ಔಷಧವನ್ನೇ ಕೊಡದೆ, ಉಳಿದವಕ್ಕೆ ದೇಹದ ತೂಕಕ್ಕೆ ತಕ್ಕಂತೆ ಸ್ವಲ್ಪ, ಮಧ್ಯಮ, ಹೆಚ್ಚು ಎಂದು ಕೊಟ್ಟು, ಅವುಗಳ ಆಹಾರ, ತೂಕ, ರಕ್ತ, ಯಕೃತ್ತು, ಮೂತ್ರಪಿಂಡಗಳನ್ನು ಪರಿಶೀಲಿಸುತ್ತಾರೆ. ಟೆಟ್ರಾಸೈಕ್ಲಿನ್ ಮಿತಿಮೀರಿದಾಗ ಇಲಿಗಳ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಬೆಳೆಯುತ್ತಿರುವ ಮೂಳೆ ಹಲ್ಲುಗಳ ಸುಣ್ಣದ ಅಂಶದೊಡನೆ ಅದು ಬೆರೆತು ನಿಲ್ಲುತ್ತದೆ. ಇದೇ ಕಾರಣದಿಂದ ಮಕ್ಕಳ ಹಲ್ಲುಗಳು ಹಳದಿಯಾಗುವುದುಂಟು. ಆದುದರಿಂದ ವೈದ್ಯರು ಸಾಮಾನ್ಯವಾಗಿ ಎಂಟು ವರ್ಷದೊಳಗಿನ ಮಕ್ಕಳಿಗೂ ಗರ್ಭಿಣಿಯರಿಗೂ ಇದನ್ನು ಕೊಡುವುದಿಲ್ಲ.

ಹೆಚ್ಚಾದರೆ ಮಾತ್ರ ಕೇಡೆಂದು ತಿಳಿಯಬಾರದು. ಆಹಾರದಲ್ಲಿ ಅತ್ಯಲ್ಪ ಆರಿಯೋಮೈಸಿನ್ ಬೆರೆಸಿದರೆ ಕೋಳಿಮರಿಗಳು ಬೇಗ ಬೆಳೆಯುವುದನ್ನು ಲೆಡರ್ಲಿಯ ವಿಜ್ಞಾನಿಗಳು 1950ರ ವೇಳೆಗೆ ಕಂಡರು. ಈ ಪದ್ಧತಿ ಲೋಕದಲ್ಲೆಲ್ಲ ಹಬ್ಬಿತು. ಆದರೆ ಅಲ್ಪ ಪ್ರಮಾಣದ ಔಷಧಕ್ಕೆ ದಿನವೂ ಒಗ್ಗಿಕೊಂಡ ರೋಗಾಣುಗಳು ಕೊನೆಗೆ ಆ ಔಷಧಕ್ಕೆ ಬಗ್ಗದಂತಾಗಬಹುದು. ಹಿಂದೆ ನಮ್ಮ ಸೇಲಂ ಜಿಲ್ಲೆಯಲ್ಲಿದ್ದು 1997ರಲ್ಲಿ ಪ್ರತ್ಯೇಕವಾದ ನಾಮಕ್ಕಲ್ ಕೋಳಿ ಸಾಕಣೆಗೆ ದೇಶದಲ್ಲೇ ಹೆಸರಾಗಿರುವುದರಿಂದ ಈ ಮಾತು ನಮಗೆ ದೂರದ್ದಲ್ಲ. ಕೊಲಿಸ್ಟಿನ್ ಎಂಬ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ಭಾರತ ಸರ್ಕಾರ 2019ರಲ್ಲಿ ನಿಷೇಧಿಸಿತು.

ಪಾಲಕರಲ್ಲಿ ನಮ್ಮ ವಿನಂತಿ ಇಷ್ಟೇ. ಮಗುವಿಗೆ ಜ್ವರ ಬಂದಾಗ ಅಂಗಡಿಯಿಂದ ತಾವಾಗಿ ಮಾತ್ರೆ ತರಬೇಡಿ; ಮನೆಯಲ್ಲಿ ದೊಡ್ಡವರು ತಿಂದು ಉಳಿಸಿದ್ದನ್ನು ಮಕ್ಕಳಿಗೆ ಕೊಡಬೇಡಿ. ವೈದ್ಯರು ಹೇಳಿದಷ್ಟನ್ನೇ, ಹೇಳಿದಷ್ಟು ದಿನವೇ ಕೊಡಿ. ವಿದ್ಯಾರ್ಥಿಗಳೇ, ಎರಡು ಸಲ ಸೋತು ಮೂರನೆಯ ಸಲ ಗೆದ್ದ ಬಾಲಕನೇ ಮುಂದೆ ಲೋಕಕ್ಕೆ ಔಷಧಗಳನ್ನು ನೀಡಿದನು. ಅವರ ಜನ್ಮಶತಮಾನೋತ್ಸವದ 1995ರಲ್ಲಿ ಭಾರತ ಸರ್ಕಾರ ಅಂಚೆಚೀಟಿ ಹೊರತಂದು ಗೌರವಿಸಿತು. ಅವರು ಕೊಟ್ಟ ಔಷಧವನ್ನು ಅಳತೆಯರಿತು ಬಳಸುವುದೇ ನಾವು ಅವರಿಗೆ ಸಲ್ಲಿಸುವ ಗೌರವ.