ಬಡಮಕ್ಕಳ ವೈದ್ಯ ಡೆನಿಸ್ ಬರ್ಕಿಟ್

ನಮ್ಮ ಧರ್ಮಕೇಂದ್ರವನ್ನು ಕಟ್ಟಿ ಬೆಳೆಸಿದ ಹಿರಿಯರನ್ನು ಕೃತಜ್ಞತೆಯಿಂದ ಸ್ಮರಿಸುವ ಈ ಶತಮಾನೋತ್ಸವದ ಸಂದರ್ಭದಲ್ಲಿ, ದೂರದ ಆಫ್ರಿಕದ ಬಡಮಕ್ಕಳಿಗಾಗಿ ದುಡಿದ ವೈದ್ಯರೊಬ್ಬರ ಬಾಳನ್ನೂ ಭಕ್ತಾದಿಗಳ ಮುಂದಿಡಬಯಸುತ್ತೇವೆ. ಡಾ. ಡೆನಿಸ್ ಬರ್ಕಿಟ್ ಕಥೋಲಿಕರಲ್ಲ. ಪ್ರಾಟೆಸ್ಟಂಟ್ ವಿಶ್ವಾಸದಲ್ಲಿ ಬಾಳಿದವರು. ಆದರೂ ರೋಗಿಯಲ್ಲಿ ಪ್ರಭುವನ್ನು ಕಂಡವರೆಲ್ಲರೂ ನಮ್ಮ ಬಂಧುಗಳೇ.

ಅವರು 1911ರ ಫೆಬ್ರವರಿ 28ರಂದು ಐರ್ಲೆಂಡಿನ ಎನಿಸ್ಕಿಲ್ಲೆನ್‌ನಲ್ಲಿ ಜನಿಸಿದರು. ತಂದೆ ಇಂಜಿನಿಯರು, ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ನೆಲೆಯನ್ನು ನಕ್ಷೆಯಲ್ಲಿ ಗುರುತಿಸುವುದು ಅವರ ಹವ್ಯಾಸ. ಹನ್ನೊಂದರ ಪ್ರಾಯದಲ್ಲಿ ಹುಡುಗರ ಕಲ್ಲೆಸೆತಕ್ಕೆ ಸಿಕ್ಕಿ ಡೆನಿಸ್ ಒಂದು ಕಣ್ಣನ್ನು ಕಳೆದುಕೊಂಡರು. ಡಬ್ಲಿನ್ನಿನಲ್ಲಿ ಇಂಜಿನಿಯರಿಂಗ್ ಓದತೊಡಗಿದವರು ವೈದ್ಯಶಾಸ್ತ್ರಕ್ಕೆ ತಿರುಗಿ 1935ರಲ್ಲಿ ಪದವೀಧರರಾದರು. ಒಕ್ಕಣ್ಣಿನವರೆಂದು ವಸಾಹತು ವೈದ್ಯಸೇವೆ ಮೊದಲು ಅವರನ್ನು ನಿರಾಕರಿಸಿತು. ಕೊನೆಗೆ 1946ರಲ್ಲಿ ಉಗಾಂಡಕ್ಕೆ ಹೋಗಿ, 1948ರಿಂದ ಕಂಪಾಲದ ಮುಲಾಗೊ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾದರು.

1957ರಲ್ಲಿ ಸಹವೈದ್ಯರೊಬ್ಬರು ಅವರಿಗೆ ಐದು ವರ್ಷದ ಬಾಲಕನೊಬ್ಬನನ್ನು ತೋರಿಸಿದರು. ಅವನ ಎರಡೂ ದವಡೆಗಳು ಇಕ್ಕೆಲಗಳಲ್ಲೂ ಬಾತುಕೊಂಡಿದ್ದವು. ಕೆಲವು ವಾರಗಳ ತರುವಾಯ ಜಿಂಜಾ ಪಟ್ಟಣದ ಆಸ್ಪತ್ರೆಯಲ್ಲಿ ಅದೇ ಬಗೆಯ ಮುಖದ ಬಾಲಕಿ ಕಣ್ಣಿಗೆ ಬಿದ್ದಳು. ಅವಳ ಹೊಟ್ಟೆಯಲ್ಲೂ ಗಡ್ಡೆಗಳಿದ್ದವು. ಹಳೆಯ ದಾಖಲೆಗಳನ್ನು ತೆರೆದು ನೋಡಿದಾಗ, ಬೇರೆ ಬೇರೆ ಹೆಸರಿನಲ್ಲಿ ಬರೆಯಲ್ಪಟ್ಟಿದ್ದ ಅನೇಕ ಗಡ್ಡೆಗಳು ಒಂದೇ ಕ್ಯಾನ್ಸರ್ ರೋಗವೆಂದು ಅವರಿಗೆ ಮನವರಿಕೆಯಾಯಿತು. 1958ರಲ್ಲಿ ಅದನ್ನು ಪ್ರಕಟಿಸಿದರು. ಇಂದು ಆ ರೋಗ ಅವರ ಹೆಸರನ್ನೇ ಹೊತ್ತಿದೆ.

ಅದು ಎಲ್ಲೆಲ್ಲಿ ಇದೆಯೆಂದು ತಿಳಿಯಲು ಅವರು ಆಫ್ರಿಕದ ಆಸ್ಪತ್ರೆಗಳಿಗೆಲ್ಲ ಚಿತ್ರಸಹಿತ ಪ್ರಶ್ನಾವಳಿಗಳನ್ನು ಕಳುಹಿಸಿದರು. 1961ರಲ್ಲಿ ಇಬ್ಬರು ಮಿಷನರಿ ವೈದ್ಯಮಿತ್ರರೊಡನೆ ಹಳೆಯ ಮೋಟಾರುಗಾಡಿಯೊಂದರಲ್ಲಿ ಹತ್ತು ವಾರ, ಹತ್ತು ಸಾವಿರ ಮೈಲಿ ಸುತ್ತಿದರು. ಬೆಚ್ಚಗಿನ, ಮಳೆ ಬೀಳುವ ತಗ್ಗುನಾಡುಗಳಲ್ಲೇ ರೋಗ ಹೆಚ್ಚೆಂದು ಆ ನಕ್ಷೆ ತೋರಿಸಿತು. ಅವರು ಲಂಡನ್ನಿಗೆ ಕಳುಹಿಸಿದ ಗಡ್ಡೆಯ ತುಣುಕುಗಳಿಂದಲೇ 1964ರಲ್ಲಿ, ಮನುಷ್ಯರ ಕ್ಯಾನ್ಸರಿಗೆ ಸಂಬಂಧಿಸಿದ ಮೊತ್ತಮೊದಲ ವೈರಸ್ ಪತ್ತೆಯಾಯಿತು.

ಇದಕ್ಕಿಂತಲೂ ನಮ್ಮ ಮನಮುಟ್ಟುವುದು ಅವರ ಚಿಕಿತ್ಸೆ. ಮುಖದ ಆ ಗಡ್ಡೆಗಳನ್ನು ಕತ್ತರಿಸಿ ಗುಣಪಡಿಸುವಂತಿರಲಿಲ್ಲ. ವಿಕಿರಣದ ಯಂತ್ರಗಳೂ ಅಲ್ಲಿರಲಿಲ್ಲ. ಬರ್ಕಿಟ್ ಔಷಧ ಕಂಪನಿಗಳಿಂದ ಹೊಸ ಮದ್ದುಗಳನ್ನು ಪಡೆದು ಕೊಟ್ಟರು. ಕೆಲವು ಮಕ್ಕಳ ಗಡ್ಡೆಗಳು ದಿನಗಳಲ್ಲಿ ಕರಗಿದವು. ಕೆಲವರು ಸಂಪೂರ್ಣ ಗುಣಹೊಂದಿದರು. ಆ ಮದ್ದುಗಳಲ್ಲೊಂದಾದ ವಿನ್‌ಕ್ರಿಸ್ಟಿನ್, ನಮ್ಮ ಅಂಗಳದಲ್ಲೂ ಸಮಾಧಿಗಳ ಬದಿಯಲ್ಲೂ ಅರಳುವ ನಿತ್ಯಪುಷ್ಪದ ಗಿಡದಿಂದ ದೊರೆತದ್ದು.

ಆದರೆ ಮದ್ದೊಂದೇ ಸಾಲದು. ಗಡ್ಡೆ ಬೇಗನೆ ಕರಗಿದಾಗ ಮೂತ್ರಪಿಂಡಗಳು ಸೋಲದಂತೆ ದೇಹಕ್ಕೆ ಸಾಕಷ್ಟು ನೀರು ಒದಗಿಸಬೇಕು, ಜ್ವರ ಬಂದರೆ ಒಡನೆ ಕಾಣಬೇಕು, ಬಡಕಲು ಮೈಗೆ ಅನ್ನ, ರಕ್ತ ಬೇಕು, ನೋವು ಶಮನವಾಗಬೇಕು. ಬಸ್ ಖರ್ಚಿಲ್ಲದೆ, ಮನೆಯಲ್ಲಿ ಬಿಟ್ಟುಬಂದ ಮಕ್ಕಳ ಚಿಂತೆಯಿಂದ, ತಾಯಿ ಚಿಕಿತ್ಸೆಯ ನಡುವೆಯೇ ಊರಿಗೆ ಮರಳಿದರೆ ಒಳ್ಳೆಯ ಮದ್ದೂ ವ್ಯರ್ಥ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಪೀಡಿತ ಮಕ್ಕಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಗುಣಹೊಂದುತ್ತಾರೆ. ಬಡದೇಶಗಳಲ್ಲಿ 30 ಮಂದಿಯೂ ಇಲ್ಲ. ಈ ಅಂತರದಲ್ಲಿ ಅಳಿಯುವ ಮಕ್ಕಳು ರೋಗದಿಂದ ಮಾತ್ರವಲ್ಲ, ಆಸರೆಯ ಕೊರತೆಯಿಂದಲೂ ಅಳಿಯುತ್ತಾರೆ.

ಬರ್ಕಿಟ್ 1966ರಲ್ಲಿ ಇಂಗ್ಲೆಂಡಿಗೆ ಮರಳಿ, ನಾರಿನಂಶವುಳ್ಳ ಆಹಾರದ ಮಹತ್ವವನ್ನು ಸಾರಿ ಮತ್ತಷ್ಟು ಪ್ರಸಿದ್ಧರಾದರು. 1967ರಲ್ಲಿ ಕಂಪಾಲದಲ್ಲಿ ಈ ರೋಗಕ್ಕೆಂದೇ ತೆರೆದ ಕೇಂದ್ರವೇ ಇಂದಿನ ಉಗಾಂಡ ಕ್ಯಾನ್ಸರ್ ಸಂಸ್ಥೆ. ಅವರು 1993ರ ಮಾರ್ಚ್ 23ರಂದು ದೈವಾಧೀನರಾದರು. ಅದೇ ವರ್ಷ, ಹಿಂದೆ ಕಥೋಲಿಕ ಮಿಷನರಿ ಸಭೆಯ ಕನ್ಯಾಸ್ತ್ರೀಯಾಗಿದ್ದ ಡಾ. ಆನ್ ಮೆರಿಮನ್ ಕಂಪಾಲದಲ್ಲಿ ನೋವುಶಮನದ ಸೇವೆಯನ್ನು ಆರಂಭಿಸಿ, ಅಗ್ಗದ ದ್ರವರೂಪದ ಮಾರ್ಫಿನನ್ನು ಬಡವರ ಮನೆಬಾಗಿಲಿಗೆ ತಲುಪಿಸಿದರು. ಕೊಂಬೋನಿ ಮಿಷನರಿಗಳು 1959ರಲ್ಲಿ ಗುಲು ಪಟ್ಟಣದ ಬಳಿ ಸ್ಥಾಪಿಸಿದ ಲಾಚೋರ್ ಸಂತ ಮರಿಯಮ್ಮನವರ ಆಸ್ಪತ್ರೆ ಇಂದಿಗೂ ಈ ರೋಗದ ಮಕ್ಕಳನ್ನು ಉಪಚರಿಸುತ್ತಿದೆ.

ನಾವೆಲ್ಲರೂ ವೈದ್ಯರಾಗಲಾರೆವು. ಆದರೆ ನಮ್ಮ ನೆರೆಯ ಮಗುವೊಂದು ಇಂಥ ರೋಗಕ್ಕೆ ತುತ್ತಾದಾಗ ಮೊಂಬತ್ತಿ ಹಚ್ಚಿ ಪ್ರಾರ್ಥಿಸುವುದರ ಜೊತೆಗೆ, ತಾಯಿಯ ಕೈಗೆ ಬಸ್ ಖರ್ಚನ್ನು ಇಡಬಲ್ಲೆವು, ರಕ್ತ ನೀಡಬಲ್ಲೆವು, ಅವಳು ಹಿಂದಿರುಗುವವರೆಗೆ ಮನೆಯ ಮಕ್ಕಳಿಗೆ ಉಣಬಡಿಸಬಲ್ಲೆವು. ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ನಮ್ಮ ಧರ್ಮಕೇಂದ್ರಕ್ಕೆ ಈ ಸೇವೆಯ ಮನಸ್ಸನ್ನು ದಯಪಾಲಿಸಬೇಕೆಂದು ಮಕ್ಕಳನ್ನು ಬಳಿಗೆ ಕರೆದ ಯೇಸುಸ್ವಾಮಿಯನ್ನು ಬೇಡುತ್ತೇವೆ.